ಜಾಳಿಗೆಯ ಗಂಟು

ಶನಿವಾರ, ೨೦ ಜನೇವರಿ ೧೯೪೦

ಸಿಟ್ಟು ಇನ್ನೂ ಇಳಿದಿಲ್ಲ. ಹನ್ನೊಂದು ವರ್ಷ ಗಿರಣಿಯ ಸಂಬಳ ತಿಂದು ಅವರ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದೆ, ಮೊಣಕಾಲು ಅಲ್ಲೇ ಬಿಟ್ಟೆ. ನಾಳೆ ಫೈನಲ್ ಎಂದು ಕಾರ್ಯದರ್ಶಿ ಮುರುಗೆಪ್ಪ ಹೇಳಿಕಳಿಸಿದಾಗ, ಸನ್ಮಾನದ ಮಾತಿರಬೇಕೆಂದು ಜರಿ ರುಮಾಲು ಸುತ್ತಿಕೊಂಡು ಹೋದೆ. ಕೈಗೆ ನೂಲಿನ ಜಾಳಿಗೆ ಕೊಟ್ಟ.

"ಕಾಕಾ, ನಿಚ್ಚಣಿಕಿ ಸಿಗವಲ್ದು. ನೀವು ಎತ್ತರ ಅದೀರಿ, ಇದನ್ನ ರಿಂಗಿಗೆ ಕಟ್ಟಿಬಿಡ್ರಿ."

"ನಾಳೆ ನಾನು ಎಲ್ಲಿ ಕೂಡ್ಲಿ?"

"ನೀವು ಕುಂತ್ರ ಹಿಂದಿನವ್ರಿಗೆ ಆಟ ಕಾಣೂದಿಲ್ರಿ. ಗ್ವಾಡಿಗೆ ನಿಂತ್ ನೋಡ್ರಿ."

ಆಟಗಾರರು ನಕ್ಕರು. ಮೇಜು ಹತ್ತಿ ಕಟ್ಟಿದೆ, ಜಾಳಿಗೆಯ ಕೆಳಗಿನ ಬಾಯಿಯನ್ನೂ ಬಿಗಿದು ಹೊಲಿದೆ. ನಾಳೆ ಮೊದಲ ಚೆಂಡು ಬಿದ್ದು ಅಲ್ಲೇ ಕೂಡುತ್ತದೆ. ಆಗ ಅದನ್ನು ಬಿಡಿಸಲು ಮುರುಗೆಪ್ಪ ಜನರೆಲ್ಲರ ಎದುರು ನನ್ನನ್ನು ಮೈದಾನಕ್ಕೆ ಕರೆಯಬೇಕು. ನಿಧಾನಕ್ಕೆ ಹೋಗುತ್ತೇನೆ, ರುಮಾಲು ಸುತ್ತಿಕೊಂಡು. ಕುಂಟದೆ ಹೋಗಬೇಕು, ಅಷ್ಟೇ...