ಉಪ್ಸಾರು ಎಂಬ ಪದ

12 ನವೆಂಬರ್ 2024, ಮಂಗಳವಾರ. ಮದ್ದೂರು. ಊಟ ಆಯಿತು.

ಪಕ್ಕದ ಮನೆಯ ಯಶೋದಮ್ಮನವರು ಮಾಡುವ, ಮುದ್ದೆಯೂಟದ ಉಪ್ಪುಸಾರಿಗೆ ಕಲಸಿಕೊಳ್ಳುವ ಖಾರವನ್ನು ಮಾರಲೆಂದು ನಾನು ವೆಬ್‌ಸೈಟ್ ಮಾಡಿ, ಸರ್ಚ್ ಎಂಜಿನ್ನಿಗೆ ಸೇರಿಸಿ ತಿಂಗಳಾಯಿತು. ಎಷ್ಟು ಹುಡುಕಿದರೂ ನನಗೇ ಸಿಗುತ್ತಿರಲಿಲ್ಲ.

ಸಂಜೆ ಅವರೇ ಬಂದರು. “ಒಬ್ರೂ ಕೇಳ್ನಿಲ್ಲ. ಯಾರ್ಗೂ ಸಿಕ್ದೆ ಇದ್ರೆ ಬುಟ್ಬುಡವ ಕಣಮ್ಮ. ಕೊಡಿಲ್ಲಿ, ನಾನೂ ಒಂದ್ಸಲ ಕೇಳ್ತೀನಿ.” ನನ್ನ ಫೋನಿನ ಮೈಕ್ ಒತ್ತಿ, ಎದುರು ಬೀದಿಗೆ ಕೂಗುವಂತೆ ಅಂದರು: “ಮದ್ದೂರು ಉಪ್ಸಾರು ಕಾರ!”

ಮೊದಲಿಗೇ ನಮ್ಮ ಪುಟ ಬಂತು.

ನಾನು ಎಲ್ಲ ಕಡೆ ‘ಉಪ್ಪುಸಾರು’ ಎಂದು ತಿದ್ದಿ ಬರೆದಿದ್ದೆ, ಹುಡುಕಿದ್ದೂ ಹಾಗೆಯೇ; ಆ ಪದವಿರುವ ಸಾವಿರಾರು ಪುಟಗಳಡಿ ನಮ್ಮದು ಹೂತುಹೋಗಿತ್ತು. ಒಂದು ಫೋಟೊದ ಕೆಳಗೆ ಮಾತ್ರ ಅವರ ಮಾತನ್ನು ಹಾಗೇ ಬಿಟ್ಟಿದ್ದೆ: “ಉಪ್ಸಾರು ಅಂದ್ರೆ ಮುದ್ದೆ ತಾನಾಗೇ ಜಾರ್ಬೇಕು.” ಅಷ್ಟು ದೊಡ್ಡ ಜಗತ್ತಿನ ಪುಟಗಳ ನಡುವೆ ಆ ಒಂದು ಸಾಲನ್ನು ಸರ್ಚ್ ಎಂಜಿನ್ ಹುಡುಕಿ ತಂದಿತ್ತು.

“ನೋಡ್ದಾ, ನನ್ ಗಂಟ್ಲು ಗುರ್ತು ಸಿಕ್ತು ಅದ್ಕೆ!” ಎಂದು ನಕ್ಕರು. ನನಗೆ ಮೈ ಜುಮ್ಮೆಂದಿತು. ಅನುವಾದದ ಕಾದಂಬರಿಯಲ್ಲಿ, ಅನುವಾದಕ ಮುಟ್ಟದೆ ಬಿಟ್ಟ ಮೂಲಭಾಷೆಯ ಪದ ಎದುರಾದಾಗ ಹೀಗಾಗುತ್ತದೆ.

ನಾಳೆ ಎಲ್ಲ ಪುಟಗಳಲ್ಲೂ ‘ಉಪ್ಸಾರು’ ಎಂದೇ ಬರೆಯುತ್ತೇನೆ. ಈಗ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಈ ಒಂದು ರಾತ್ರಿ ಆ ಸಾಲು ತಾನೊಂದೇ ಗೆದ್ದ ಖುಷಿಯಲ್ಲಿರಲಿ.