ಅರಮನೆ ಪರದೆಯೊಳಗೆ ಜನರೇಟರ್

ಮಾಸ್ತರ್ರೇ,

ಎಲ್ಲಿದ್ದರೂ ನೀವು ಕಟ್ಟಕಡೆಯ ಸಾಲಿನ ಹಿಂದೆ ಕೈಕಟ್ಟಿ ನಿಂತೇ ಇರುತ್ತೀರಿ ಎಂದು ನಂಬಿ ನಿಮ್ಮ ಸಿದ್ಲಿಂಗ ಬರೆಯುತ್ತಿದ್ದಾನೆ. ಅಲ್ಲಿಯತನಕ ಕೇಳಿಸದ ಮಾತನ್ನು ನೀವು ಮಾತೆಂದು ಒಪ್ಪಿದವರೇ ಅಲ್ಲ. ಅದಕ್ಕೇ ಅಕ್ಷರವನ್ನೂ ದಪ್ಪಗೆ ಬರೆದಿದ್ದೇನೆ.

ಹರಪನಹಳ್ಳಿ ಬಯಲಿನ ಆ ತಾಲೀಮು ನೆನಪಿದೆಯೇ? ನನಗೆ ಮೊದಲ ಸಲ ರಾಜನ ಪಾರ್ಟು. ತಲೆಗೆ ಕಿರೀಟ ಬಂದಿತ್ತು, ಗಂಟಲಿಗೆ ದನಿ ಬಂದಿರಲಿಲ್ಲ. ಪರದೆಯ ಹಿಂದೆ ನಮ್ಮ ಜನರೇಟರ್ ಗುಡುಗುತ್ತಿತ್ತು, ಅದರ ಮುಂದೆ ನನ್ನ ಗರ್ಜನೆ ಬೆಕ್ಕಿನ ಮರಿಯದು. ನೀವು ಹಾರ್ಮೋನಿಯಂ ಬಿಟ್ಟು ಎದ್ದಿರಿ, ನನ್ನ ತೋಳು ಹಿಡಿದು ಎಳೆದೊಯ್ದು ಅದೇ ಜನರೇಟರ್ ಪಕ್ಕ ನಿಲ್ಲಿಸಿದಿರಿ, ನೀವು ಮಾತ್ರ ಬಯಲಿನ ಆಚೆ ತುದಿಯ ಬೇವಿನಮರದ ಬುಡಕ್ಕೆ ಹೋದಿರಿ. ಅಲ್ಲಿಂದಲೇ ಕೂಗಿದಿರಿ: "ಲೇ ಸಿದ್ಲಿಂಗ, ಅದು ಪೆಟ್ರೋಲ್ ಕುಡಿದು ಇಷ್ಟು ಕೂಗ್ತೈತಿ. ನೀ ರೊಟ್ಟಿ ತಿಂದು ಕೂಗಕ್ಕಾಗಲ್ಲೇನು?" ಆವತ್ತು ಬಿಚ್ಚಿದ ಗಂಟಲು ಇವತ್ತಿಗೂ ಮುಚ್ಚಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ಓಣಿಯವರು ಉಪ್ಪು ತರುತ್ತಾರೆ.

ಹಲವಾಗಲಿನ ಹೊಳೆದಂಡೆಗೆ ಬಂದರೆ ಮಾತ್ರ ಇದೇ ಗಂಟಲು ನಿಮಗೆ ವೈರಿ. ನಾಟಕ ಮುಗಿದ ಮರುದಿನ ಗಾಳ ಹಿಡಿದು ಕೂತಿರೆಂದರೆ ನಾನು ಕೆಮ್ಮುವ ಹಾಗೂ ಇಲ್ಲ. ಸದ್ದಿಗೆ ಮೀನು ಓಡುತ್ತದೆ ಎಂದು ನೀವು, ಜನರೇಟರನ್ನೇ ತಂದು ಹಚ್ಚಿದರೂ ಯಾವ ನಾಟಕ ನೋಡೋಣ ಎಂದು ಮೀನು ಹತ್ತಿರ ಬರುತ್ತದೆಯೇ ಹೊರತು ಓಡುವುದಿಲ್ಲ ಎಂದು ನಾನು. ಎಷ್ಟು ವರ್ಷದ ಜಗಳ ಅದು! ತೀರ್ಮಾನವಾಗುವ ಮೊದಲೇ ನೀವು ಎದ್ದು…

ನಿಮ್ಮ ಮೂರನೆಯ ದಿನದ ಕಾರ್ಯ ಮುಗಿದು ಎಲ್ಲರೂ ಕೂತಿದ್ದಾಗ, ಆ ಜನರೇಟರ್ ಏನು ಮಾಡುವುದೆಂಬ ಮಾತು ಎದ್ದಿತು. ಗುಜರಿಗೆ ಹಾಕೋಣ ಎಂದವರೇ ಹೆಚ್ಚು. ನಿಮ್ಮ ಮಗಳು ಹುಲಿಗೆಮ್ಮ ಮೂಲೆಯಿಂದ ಎದ್ದು ಬಂದು, ಅದು ನನಗೆ ಬೇಕು ಎಂದಳು. ಅಳಿಯ ತಿಪ್ಪೇಶ ತಂಬ್ರಹಳ್ಳಿ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವುದು ನಿಮಗೆ ಗೊತ್ತಲ್ಲ. ಹಿಡಿದದ್ದೆಲ್ಲ ಮಧ್ಯಾಹ್ನದೊಳಗೆ ಮೆತ್ತಗಾಗುತ್ತಿತ್ತು, ಹೊಸಪೇಟೆಯಿಂದ ತರಿಸಿದ ಐಸ್ ಗಡ್ಡೆ ದಂಡೆ ಮುಟ್ಟುವಷ್ಟರಲ್ಲಿ ಅರ್ಧ ನೀರು. ದಂಡೆಗೆ ಕರೆಂಟಿನ ಕಂಬವೇ ಇಲ್ಲ. ಹುಲಿಗೆಮ್ಮ ಐಸ್‌ಕ್ರೀಮ್ ಮಾರುವವನೊಬ್ಬನ ಹಳೆ ಫ್ರೀಜರ್ ತಂದಳು, ನಿಮ್ಮ ಜನರೇಟರಿಗೆ ಅದನ್ನು ಹಚ್ಚುವ ಉಪಾಯ ಹೂಡಿದಳು. ಹರಪನಹಳ್ಳಿಯ ಮಿಲಿಟ್ರಿ ಹೋಟೆಲಿನವನೊಬ್ಬ ಮಾತೂ ಕೊಟ್ಟ: ಮಧ್ಯಾಹ್ನ ನಾನು ಬಂದಾಗ ಮೀನು ಕಲ್ಲಿನಂಗೆ ಗಟ್ಟಿ ಇದ್ದರೆ ದಿನಾ ನಿನ್ನ ಹತ್ತಿರವೇ ಒಯ್ಯುತ್ತೇನೆ, ಮೆತ್ತಗಿದ್ದರೆ ಮತ್ತೆ ಕರೆಯಬೇಡ.

ಆ ಜನರೇಟರಿಗೆ ನೀವು ಮಾಡುತ್ತಿದ್ದ ಪೂಜೆ ಇಲ್ಲಿ ನೆನಪಾಗಬೇಕು. ಮೊದಲ ಗಂಟೆ ಹೊಡೆಯುವ ಮುಂಚೆ ಊದಿನಕಡ್ಡಿ ಹಚ್ಚಿ ಅದರ ಮುಂದೆ ನಿಲ್ಲುತ್ತಿದ್ದಿರಿ. ನಾವೆಲ್ಲ ಬಣ್ಣ ಬಳಿದುಕೊಂಡ ಮುಖದಲ್ಲೇ ಕಣ್ಣುಮುಚ್ಚಿ ಕೈಮುಗಿಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನಿಮ್ಮ ಅಪ್ಪಣೆ ಬರುತ್ತಿತ್ತು, "ದೇವ್ರು ಇವತ್ತು ಆ ಕಡಿ ಮುಖ ಮಾಡ್ಯಾನ. ಎತ್ತಿ ಇತ್ತಾಗ ಇಡ್ರಿ." ಇಬ್ಬರು ಎತ್ತಿ ಇಡುವುದು. ಕೂಡ್ಲಿಗಿಯಲ್ಲಿ ಒಂದೇ ಸಂಜೆ ಮತ್ತೆ ಮತ್ತೆ ಎತ್ತಿಸಿದಾಗ ನಮ್ಮ ತಬಲಾದವನು, ಇದೆಂಥ ಚಂಚಲ ದೇವರಪ್ಪ ಎಂದು ಬೈದದ್ದು ನಿಮಗೆ ಕೇಳಿಸಿತ್ತು, ನಕ್ಕು ಸುಮ್ಮನಾದಿರಿ. ಯಾಕೆ ಸುಮ್ಮನಾದಿರಿ ಮಾಸ್ತರ್ರೇ?

ಸಂಕ್ರಾಂತಿ ಮುಂಚಿನ ಚಳಿ. ಮೊದಲ ದಿನದ ಪೂಜೆ ನನ್ನ ಕೈಯಿಂದಲೇ ಆಗಬೇಕೆಂದು ಹುಲಿಗೆಮ್ಮ ಹೇಳಿ ಕಳಿಸಿದ್ದಳು. ಕೊಟ್ಟೂರಿನಿಂದ ಬಂದ ಬಸ್ಸಿಳಿದು ದಂಡೆಗೆ ಹೋದರೆ ಏನು ನೋಡುತ್ತೇನೆ, ನೀರಿನ ಪಕ್ಕ ನಮ್ಮ ಅರಮನೆ! ಕಂಬಗಳು, ಸಿಂಹಾಸನ, ಮೇಲೆ ಎರಡು ನವಿಲು. ನಮ್ಮ ಕಂಪನಿಯ ಹಳೆ ಪರದೆಯನ್ನೇ ನಾಲ್ಕು ಬಿದಿರಿಗೆ ಸುತ್ತ ಕಟ್ಟಿ ಡೇರೆ ಮಾಡಿದ್ದರು. ನಾಯಿ, ಹದ್ದು ಒಳಗೆ ಬಾರದಂತೆ, ಗಾಳಿಗೆ ಹಾರದಂತೆ ಅಂಚಿಗೆಲ್ಲ ಕಲ್ಲು ಹೇರಿದ್ದರು. ಆಗಲೇ ಹಚ್ಚಿದ್ದ ಜನರೇಟರಿನ ಸದ್ದು ಕೇಳುತ್ತಿತ್ತು, ಎಲ್ಲಿದೆ ಎಂದು ದಂಡೆಯಿಂದಲೇ ಕೂಗಿ ಕೇಳಿದೆ. ತೆಪ್ಪದಲ್ಲಿದ್ದ ತಿಪ್ಪೇಶ ಹುಟ್ಟು ಎತ್ತಿ ತೋರಿಸಿದ. "ಪರದಿ ಹಿಂದ, ಕಾಕಾ. ಮಾವ ಇಡ್ತಿದ್ದಲ್ಲೇ ಇಟ್ಟೀನಿ. ಸದ್ದಿಗೆ ಮೀನು ಓಡಬಾರ್ದಲ್ಲ."

ನಿಮ್ಮ ಮಾತು ಅವನಿಗೆ ವೇದವಾಗಿತ್ತು. ಜನರೇಟರ್ ಯಾವಾಗಲೂ ಪರದೆ ಹಿಂದೆ! ನಾಟಕದಲ್ಲಿ ಪರದೆಯ ಹಿಂದೆ ಎಂದರೆ ಊರಗಲದ ಬಯಲು. ಇಲ್ಲಿ ಪರದೆಯೇ ಸುತ್ತ ಬಂದಿತ್ತು, ಹಿಂದೆ ಎಂದರೆ ಒಳಗೆ. ಆದರೆ ಅದು ನನಗೂ ತಟ್ಟನೆ ಹೊಳೆಯಲಿಲ್ಲ. ಪೆಟ್ರೋಲ್ ವಾಸನೆ ನಮಗೆ ಮೇಕಪ್ ರೂಮಿನ ವಾಸನೆಯಷ್ಟೇ ಹಳೆಯದು, ಮೂಗು ಕೂಡ ಎಚ್ಚರಿಸಲಿಲ್ಲ. ಒಳಗಿನಿಂದ ಹುಲಿಗೆಮ್ಮ, ತಲೆ ಯಾಕೋ ಭಾರ ಆಗಿದೆ, ನಿದ್ದೆ ಸಾಲದು, ಐಸ್ ಹಾಸಿ ಬರ್ತೀನಿ ಕಾಕಾ, ಅಂದಳು.

ಬಾಗಿಲಿನ ಸೆರಗು ಎತ್ತಿ ಊದಿನಕಡ್ಡಿ ಹಚ್ಚಿದೆ. ಅಭ್ಯಾಸದಂತೆ ಕಣ್ಣು ಮುಚ್ಚಬೇಕಿತ್ತು. ಗಾಳಿಗೆ ಕಡ್ಡಿ ಆರೀತೆಂದು ಅಂಗೈ ಅಡ್ಡ ಹಿಡಿದಿದ್ದೆ, ಹಾಗಾಗಿ ಕಣ್ಣು ತೆರೆದೇ ಇತ್ತು. ಹೊಗೆ ನೀರಿನ ಕಡೆಯಿಂದ ಬಂದ ಗಾಳಿಗೆ ಸಿಕ್ಕಿ ನೇರ ಡೇರೆಯೊಳಗೆ ಹೋಯಿತು. ಹೋಯಿತು, ಹೊರಗೆ ಬರಲಿಲ್ಲ. ಒಳಗೇ ಸುತ್ತುತ್ತಾ ನಿಂತಿತು. ಆ ಕ್ಷಣದಲ್ಲಿ ನೀವು ಕಂಡಿರಿ ಮಾಸ್ತರ್ರೇ. ಜನರೇಟರಿನ ಹೊಗೆ ನಮ್ಮ ಮೇಲೆ ಬಾರದಿರಲೆಂದು, ಕಡ್ಡಿ ಹಿಡಿದು, ಗಾಳಿ ಅದರ ಹೊಗೆಯನ್ನು ಯಾವ ಕಡೆ ಒಯ್ಯುತ್ತದೆಂದು ನೋಡುತ್ತಾ ನಿಂತ ನೀವು.

"ಹುಲಿಗೆಮ್ಮಾ, ಹೊರಗ ಬಾ!"

ಬೇವಿನಮರದ ತನಕ ಮುಟ್ಟಿಸಿದ ದನಿ ಅದು. ಜನರೇಟರ್ ಅದರ ಮುಂದೆ ಪಿಸುಮಾತು. ಅವಳು ಫ್ರೀಜರ್ ಮೇಲೆ ತಲೆಯಿಟ್ಟು ಕೂತಿದ್ದಳು, ನಿದ್ದೆ ಹೋದವಳ ಹಾಗೆ. ಒಳಗೆ ನುಗ್ಗಿದೆ, ಜನರೇಟರಿನ ಸ್ವಿಚ್ ಆರಿಸಿದೆ, ಎರಡೂ ಕೈಯಲ್ಲಿ ಪರದೆ ಹಿಡಿದು ಎಳೆದೆ. ಸಿಂಹಾಸನ, ನವಿಲು, ಕಂಬ, ಇಡೀ ಅರಮನೆ ಮುಗ್ಗರಿಸಿ ಬಿತ್ತು. ಅವಳನ್ನು ಎತ್ತಿ ಗಾಳಿಗೆ ತಂದು ಮಲಗಿಸಿದೆ. ತಿಪ್ಪೇಶ ಆ ದೂರದ ನೀರಿನಿಂದ ನನ್ನ ಕೂಗು ಕೇಳಿಯೇ ಹುಟ್ಟು ಹಾಕಿಕೊಂಡು ಬಂದಿದ್ದ. ನಿಮ್ಮ ಮಗಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟು ಆಡಿದ ಮೊದಲ ಮಾತು ಏನು ಗೊತ್ತೇ?

"ಫ್ರೀಜರ್ ಯಾಕ ಆರಿಸಿದ್ರಿ? ಮೀನು ಕೆಡ್ತಾವ."

ತಿಪ್ಪೇಶ ಅವಳನ್ನು ಹಗರಿಬೊಮ್ಮನಹಳ್ಳಿ ಆಸ್ಪತ್ರೆಗೆ ಕರೆದೊಯ್ದ. ಮೂಗಿಗೆ ಆಕ್ಸಿಜನ್ ಇಟ್ಟರು. ಜನರೇಟರಿನ ಹೊಗೆಯ ವಿಷ, ಇನ್ನು ಸ್ವಲ್ಪ ಹೊತ್ತು ಒಳಗೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ನಾನು ದಂಡೆಯಲ್ಲೇ ಉಳಿದೆ. ಸ್ಟೇಜಿನ ಲೈಟಿಗೆ ಎಳೆಯುತ್ತಿದ್ದ ಆ ಉದ್ದನೆಯ ವೈರು ಬಿಚ್ಚಿ, ಊದಿನಕಡ್ಡಿ ಹೊಗೆ ಯಾವ ಕಡೆ ಓಡಿತೋ ಆ ಕಡೆಯ ಬಯಲಿನ ದೂರಕ್ಕೆ ಜನರೇಟರ್ ಎಳೆದೊಯ್ದು ಮತ್ತೆ ಹಚ್ಚಿದೆ. ಮಧ್ಯಾಹ್ನ ಹೋಟೆಲಿನವನು ಬಂದು ಮೀನು ಎತ್ತಿ ಹಲಗೆಗೆ ಬಡಿದ. ಟಣ್ ಎಂದಿತು. ನಿಮ್ಮ ಮಗಳ ಮೀನು, ಮಾಸ್ತರ್ರೇ, ಟಣ್ ಎಂದಿತು!

ಈಗ ಎರಡು ಸುದ್ದಿ. ಮೊದಲನೆಯದು, ನಮ್ಮ ಜಗಳ ನಾನು ಗೆದ್ದೆ. ಬಯಲಿಗೆ ಬಂದ ಜನರೇಟರ್ ದಿನಾ ಅಬ್ಬರಿಸುತ್ತದೆ, ತಿಪ್ಪೇಶನ ಬಲೆ ದಿನಾ ತುಂಬುತ್ತದೆ. ಮೀನಿಗೂ ನಾಟಕದ ಹುಚ್ಚು ಇದೆ, ಒಪ್ಪಿಕೊಳ್ಳಿ.

ಎರಡನೆಯದು ನಿಮ್ಮ ಗೆಲುವು. ಈಗ ಊದಿನಕಡ್ಡಿ ಹಚ್ಚುವವಳು ಹುಲಿಗೆಮ್ಮನೇ. ಮೊನ್ನೆ ನಾನು ಹೋದಾಗ ಕಡ್ಡಿ ಹಿಡಿದು, ಕಣ್ಣು ಅಗಲ ತೆರೆದು, ಹೊಗೆಯ ದಾರಿ ನೋಡುತ್ತಾ ನಿಂತಿದ್ದಳು. ಪೂಜೆಯಲ್ಲಿ ಕಣ್ಣು ಮುಚ್ಚಬಾರದೇನವ್ವ ಎಂದು ಕೆಣಕಿದೆ. ಹೊಗೆಯಿಂದ ಕಣ್ಣು ಕೀಳದೆಯೇ ಅಂದಳು:

"ನೀವೆಲ್ಲ ಕಣ್ಣು ಮುಚ್ಚತಿದ್ರಿ ಕಾಕಾ. ನಾ ಸಣ್ಣಾಕಿ, ಅಪ್ಪನ್ನೇ ನೋಡ್ತಿದ್ದೆ. ಅಪ್ಪ ಒಮ್ಮಿನೂ ಮುಚ್ಚಿದ್ದಿಲ್ಲ."

ಆಮೇಲೆ ತಿಪ್ಪೇಶನ ಕಡೆ ತಿರುಗಿ, ನಿಮ್ಮದೇ ಗತ್ತಿನಲ್ಲಿ ಅಪ್ಪಣೆ ಕೊಟ್ಟಳು. ದೇವರು ಇವತ್ತು ಮುಖ ತಿರುಗಿಸಿದ್ದ. ನಾನೂ ಅಳಿಯನೂ ಜನರೇಟರ್ ಎತ್ತಿ ಅತ್ತ ಇಟ್ಟೆವು.