ಚಿಗರಿಯ ಜೊತೆ ಕಳಿಸಿದ ಕಾಗದ

ಬಂಕಾಪುರ
೧೮ ಜನವರಿ ೨೦೨೫

ಪ್ರೀತಿಯ ಸರೋಜಕ್ಕನಿಗೆ,

ತಮ್ಮ ಚನ್ನೇಶನ ನಮಸ್ಕಾರ. ಚಿಗರಿ ಹೇಗಿದೆ ಎಂದು ಕೇಳಲು ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಗಿರಾಕಿಗಳಿದ್ದಾರೆಂದು ಇಟ್ಟುಬಿಟ್ಟೆ. ತಪ್ಪಾಯಿತು.

ಹೋರಿ ಹಬ್ಬದಲ್ಲಿ ಓಡುವ ವಯಸ್ಸು ಮುಗಿಯಿತು, ಚೆನ್ನಾಗಿ ಇಟ್ಟುಕೋ ಎಂದು ನೀನು ಕೊಟ್ಟ ಚಿಗರಿಯನ್ನು ಈ ಕಾಗದದ ಜೊತೆಯಲ್ಲೇ ಹಿರೇಕೆರೂರಿಗೆ ಕಳಿಸುತ್ತಿದ್ದೇನೆ. ನೋಡಿ ಗಾಬರಿಯಾಗಬೇಡ. ಸೊರಗಿದೆ.

ಕೋಟೆ, ನವಿಲು ನೋಡಲು ಬಂದವರು ನನ್ನ ತೋಟದಲ್ಲಿ ರೊಟ್ಟಿ ಊಟ ಮಾಡಿ, ಚಿಗರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಮೊದಲು ಅದು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ತಣ್ಣಗಾಯಿತು. "ಎಷ್ಟ್ ಸಾಧು ಐತ್ರೀ!" ಎಂದು ಮಕ್ಕಳನ್ನು ಬೆನ್ನ ಮೇಲೆ ಕೂರಿಸತೊಡಗಿದರು. ಕೂರಿಸಬಾರದೆಂದು ನೀನು ಹೇಳಿದ್ದೆ. ನಾನು ತಡೆಯಲಿಲ್ಲ.

ಕಳೆದ ಭಾನುವಾರ ಬಂದ ಒಬ್ಬರು, ಹೋರಿ ಹಬ್ಬದಲ್ಲಿ ಕಟ್ಟುವಂತೆ ಕೊಬ್ಬರಿ ಹಾರ ಕಟ್ಟಿ ನಿಲ್ಲಿಸಿ ಎಂದರು. ಚಿಗರಿಯನ್ನು ನೋಡಿಕೊಳ್ಳುವ ಹುಚ್ಚಪ್ಪ ಹಾರ ತಂದ. ಕೊರಳಿಗೆ ಕಟ್ಟುವ ಮೊದಲೇ ಹೋರಿ ಅದನ್ನು ಅವನ ಕೈಯಿಂದ ಎಳೆದು, ದಾರದ ಸಮೇತ ಅಗಿಯತೊಡಗಿತು. "ಏ, ಇದು ಪೈಲ್ವಾನ ಅಲ್ಲೋ, ಹೊಟ್ಟಿಬಾಕ!" ಎಂದು ಒಬ್ಬ ನಗುತ್ತ ವಿಡಿಯೋ ಮಾಡಿದ. ಹುಚ್ಚಪ್ಪ ನಗಲಿಲ್ಲ. ಅದರ ಬಾಯೊಳಗೆ ಕೈ ಹಾಕಿ ದಾರ ತೆಗೆದ.

"ಐದು ಹಬ್ಬ ಓಡೇತ್ರೀ ಸಾವ್ಕಾರ. ಇದರ ಕೊಳ್ಳಾಗಿನ ಕೊಬ್ಬರಿ ಹರಿಯಾಕ ಒಬ್ಬಗೂ ಆಗಿದ್ದಿಲ್ಲ," ಎಂದ.

ಹುಚ್ಚಪ್ಪ ಮೇವಿನಲ್ಲಿ ಕೈ ಬಿಗಿ ಹಿಡಿದಿದ್ದನೆಂದು ಆಮೇಲೆ ತಿಳಿಯಿತು. ಬೈದಿದ್ದೇನೆ. ಇನ್ನು ಇಲ್ಲಿ ಊಟ ಮಾತ್ರ. ಫೋಟೋಕ್ಕಾಗಿ ಯಾವ ದನವನ್ನೂ ಕಟ್ಟುವುದಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಪೂಜಾಳ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಆಶೀರ್ವಾದ ನನ್ನ ಮೇಲೂ ಇರಲಿ.

ನಿನ್ನ ತಮ್ಮ,
ಚನ್ನೇಶ

ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದು ಬರೆದದ್ದು: ಗಾಡಿಯಲ್ಲಿ ಹೋರಿಯ ಜೊತೆ ಹುಚ್ಚಪ್ಪನೇ ಬರುತ್ತಿದ್ದಾನೆ. ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಅವನಿಗೆ ಓದಲು ಬರುವುದಿಲ್ಲ. ಲಕೋಟೆ ಅಂಟಿಸಿದ ಮೇಲೆ, "ಅಕ್ಕಾರಿಗೆ ನಂದೂ ಒಂದು ನಮಸ್ಕಾರ ಬರೀರಿ," ಎಂದ. ಮೇವು ಅರ್ಧ ಮಾಡಲು ಹೇಳಿದವನು ನಾನು. ಹೊಟ್ಟೆ ತುಂಬಿದರೆ ಕೊಸರುತ್ತದೆ, ಮಂದಿ ಹೆದರುತ್ತಾರೆ ಎಂದಿದ್ದೆ. "ಬ್ಯಾಡ್ರಿ" ಎಂದು ಅವನು ಎರಡು ಸಲ ಹೇಳಿದ್ದ. ನಾನು ಅವನಿಗೆ ಬೈದೂ ಇಲ್ಲ. ಮೇಲಿನ ಸಾಲುಗಳನ್ನು ಹೊಡೆದುಹಾಕಿಲ್ಲ. ಮೊದಲು ಬರೆದದ್ದು ಅದನ್ನೇ ಎಂದು ನಿನಗೆ ಗೊತ್ತಿರಲಿ. ಹುಚ್ಚಪ್ಪನನ್ನು ಒಳಗೆ ಕರೆದು ಊಟಕ್ಕೆ ಹಾಕು.